ಅಕ್ಕ ಓದಿ ಹೇಳಿದ ಮೂಕಿ ಚಿತ್ರ

ಲೋಕದ ಹಳೇ ದೊಡ್ಡ ಸಿನಿಮಾಗಳನ್ನೆಲ್ಲ ಅರೆದು ಕುಡಿದಿದ್ದೇನೆ ಎಂದು ಜಂಬ ಕೊಚ್ಚುತ್ತಿದ್ದವಳು ನಾನು. ಈಗ ನಿಜ ಹೇಳುತ್ತೇನೆ. ಅಷ್ಟು ವರ್ಷ ನಾನು ನೋಡಿದ್ದು ಪರದೆಯ ಕೆಳಗಿನ ಎರಡು ಬೆರಳಿನಷ್ಟು ಜಾಗವನ್ನು ಮಾತ್ರ, ಇಂಗ್ಲಿಷ್ ಸಬ್‌ಟೈಟಲ್ ಬಂದು ಹೋಗುವ ಜಾಗವನ್ನು. ಅದರ ಮೇಲೆ ಒಂದು ಇಡೀ ಸಿನಿಮಾ ನಡೆಯುತ್ತಿತ್ತು ಎಂದು ತೋರಿಸಿಕೊಟ್ಟವಳು ಪೀಣ್ಯದ ಪ್ರೆಸ್ ಶಾಪ್‌ನಲ್ಲಿ ತಗಡು ಒತ್ತುವ ಒಬ್ಬ ಅಕ್ಕ. ಅವಳಿಗೆ ಇಂಗ್ಲಿಷಿನ ಎಬಿಸಿಡಿಯೂ ಬಾರದು.

ನಾನು ಅದೇ ಕಾರ್ಖಾನೆಯ ಇನ್‌ಸ್ಪೆಕ್ಷನ್ ರೂಮಿನವಳು. ಪ್ರೆಸ್‌ನಿಂದ ಬಂದ ತಗಡಿನ ಬಿಲ್ಲೆಗಳನ್ನು ಅಳತೆಯ ಗೇಜಿಗೆ ಹಾಕಿ, ಟ್ಯೂಬ್‌ಲೈಟಿಗೆ ಹಿಡಿದು, ಓಕೆ ಅಥವಾ ರಿಜೆಕ್ಟ್ ಅನ್ನುವುದು ನನ್ನ ಕೆಲಸ. ಈ ಚಾಳಿ ಮನೆಗೂ ಬರುತ್ತದೆ. ಸಾರು ರಿಜೆಕ್ಟ್, ಸೀರೆ ರಿಜೆಕ್ಟ್, ಹೊಸ ಸಿನಿಮಾಗಳಂತೂ ಲಾಟಿಗೆ ಲಾಟೇ ರಿಜೆಕ್ಟ್. ಪರದೇಶದ ಕಪ್ಪು-ಬಿಳುಪು ಚಿತ್ರಗಳ ಮುಂದೆ ಮಾತ್ರ ನಾನು ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆ. ಜಪಾನಿನದೊಂದು ಚಿತ್ರದಲ್ಲಿ ಒಬ್ಬ ಹೆಂಗಸು ಅಕ್ಕಿ ತೊಳೆಯುತ್ತಾಳೆ, ಮೂರು ಸಲ ನೀರು ಚೆಲ್ಲುತ್ತಾಳೆ, ಅಷ್ಟೇ. ಬಸ್ಸಿನಲ್ಲಿ ಫೋನ್ ಹಿಡಿದು ಅದನ್ನು ನೋಡುತ್ತಾ ಜಾಲಹಳ್ಳಿ ಕ್ರಾಸಿನಲ್ಲಿ ಇಳಿಯುವುದನ್ನೇ ಮರೆತು ಎಂಟನೇ ಮೈಲಿಯವರೆಗೆ ಹೋಗಿದ್ದೆ. ಇದನ್ನು ‘ಸ್ಲೋ’ ಅನ್ನುವವರ ಜೊತೆ ನಾನು ಜಗಳಕ್ಕೇ ಬೀಳುತ್ತಿದ್ದೆ.

ಅಕ್ಕ ಕೊಪ್ಪಳದ ಕಡೆಯವಳು. ನಮ್ಮಿಬ್ಬರದೂ ಒಂದೇ ವಠಾರ, ಅಕ್ಕಪಕ್ಕದ ರೂಮು. ಅವಳ ಸಿನಿಮಾ ಹುಚ್ಚು ನನ್ನದಕ್ಕಿಂತ ಹಳೆಯದು. ಭಾನುವಾರ ಟಾಕೀಸಿನಲ್ಲಿ ನೋಡಿದ ಸಿನಿಮಾವನ್ನು ಸೋಮವಾರ ಊಟದ ಹೊತ್ತಿನಲ್ಲಿ ಪೂರ್ತಿ ಹೇಳುತ್ತಿದ್ದಳು. ವಿಲನ್ನಿನ ನಗು, ತಾಯಿಯ ಗೋಳು, ಹಿನ್ನೆಲೆ ಸಂಗೀತ, ಎಲ್ಲ ಅವಳ ಬಾಯಲ್ಲೇ. ಆ ಸಿನಿಮಾ ನೋಡಿ ಬಂದವರೂ ಡಬ್ಬಿ ಹಿಡಿದುಕೊಂಡು ಅವಳ ಸುತ್ತ ಕೂರುತ್ತಿದ್ದರು. ಆಮೇಲೆ ಒಂದು ವರ್ಷದ ಹಿಂದೆ ಏನಾಯಿತೋ, ಟಾಕೀಸಿಗೆ ಹೋಗುವುದನ್ನು ಬಿಟ್ಟಳು. ಕತೆಯೂ ನಿಂತಿತು. ಕೇಳಿದರೆ “ಮನಸ್ಸಿಲ್ಲ ಬಿಡು ತಂಗಿ” ಎಂದು ರೊಟ್ಟಿಯ ಕಡೆ ನೋಡುತ್ತಿದ್ದಳು. ಊಟದ ಹೊತ್ತು ಸಪ್ಪೆಯಾಗಿ ಹೋಯಿತು.

ನನಗೆ ಅವಳನ್ನು ಮತ್ತೆ ಸಿನಿಮಾಕ್ಕೆ ಎಳೆಯಬೇಕು ಎಂಬ ಹಟ ಬಂತು. ಅವಳಿಗಾಗಿ ಎಂದು ಹೇಳಿಕೊಂಡೆ, ಆದರೆ ನನಗೂ ಜೊತೆ ಬೇಕಿತ್ತು. ವಠಾರದ ಓನರ್ ಆಂಟಿಯದು ಇದೇ ಊರಿನ ಹಳೇ ಮನೆತನ, ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈಗ ನಮ್ಮ ರೂಮುಗಳಿವೆ. ಅವರ ಹಾಲ್‌ನಲ್ಲಿ ಗೋಡೆಯಗಲದ ಟಿವಿ ಇತ್ತು. ಭಾನುವಾರ ಮಧ್ಯಾಹ್ನ ಅಲ್ಲೊಂದು ಸಿನಿಮಾ ಹಾಕಲೇ ಎಂದು ಕೇಳಿದೆ. “ಆಕವ್ವಾ, ನಂಗೂ ವೊತ್ತು ಓಗಲ್ಲ” ಅಂದರು ಆಂಟಿ.

ಹಾಕಿದ್ದು ಇಟಲಿಯ ಒಂದು ಹಳೇ ಚಿತ್ರ. ಒಂದು ಸಂಸಾರ ಮನೆ ಬದಲಾಯಿಸುತ್ತದೆ, ಅಜ್ಜನ ದೊಡ್ಡ ಬೀರು ಹೊಸ ಮನೆಯ ಬಾಗಿಲಲ್ಲಿ ಹಿಡಿಸುವುದಿಲ್ಲ. ಇಡೀ ಬೀದಿ ಸೇರಿ ಬೀರುವಿಗೆ ಬುದ್ಧಿ ಹೇಳುತ್ತದೆ. ಆ ಗಲಾಟೆಯ ನಡುವೆ ಅಜ್ಜ ಮೆಲ್ಲಗೆ ಹೇಳುತ್ತಾನೆ, ಈ ಬೀರುವಿನಲ್ಲಿ ನನ್ನ ಹೆಂಡತಿಯ ಬಟ್ಟೆಗಳಿವೆ, ಅವಳು ಹೋಗಿ ತಿಂಗಳಾಯಿತು ಎಂದು. ನಾನು ಟಿವಿಯ ಪಕ್ಕ ನಿಂತು ಸಬ್‌ಟೈಟಲ್‌ಗಳನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಕಣ್ಣು ಅಕ್ಷರದ ಮೇಲೆ, ಬೆನ್ನು ಜನದ ಕಡೆಗೆ. ಪ್ರೆಸ್ ಶಾಪ್‌ನ ಇನ್ನಿಬ್ಬರು ಹೆಂಗಸರು ಬಂದಿದ್ದರು, ಎಲ್ಲರೂ ನಗುತ್ತಿದ್ದರು. ಅಕ್ಕನೂ ನಕ್ಕಳು, ಆದರೆ ಪ್ರತಿ ಸಲವೂ ಉಳಿದವರು ನಕ್ಕ ಮೇಲೆ.

ಅಷ್ಟರಲ್ಲಿ ಆಂಟಿ ಕಾಫಿ ತರಲು ಹೋಗಿದ್ದವರು ಬಂದು ಅಕ್ಕನನ್ನು ಕೇಳಿದರು. “ಆ ಮುದುಕ ಏನಂದ?”

“ನೀರು ಕೇಳಾಕತ್ಯಾನ್ರಿ” ಅಂದಳು ಅಕ್ಕ.

ಎಲ್ಲರೂ ಗೊಳ್ಳೆಂದರು. ನಾನೂ ನಕ್ಕೆ. ಅಕ್ಕ ತಟ್ಟನೆ ಎದ್ದು “ಒಲಿ ಮ್ಯಾಲೆ ಹಾಲಿಟ್ಟೇನಿ, ಉಕ್ಕತೈತಿ” ಎಂದು ಹೊರಟೇಬಿಟ್ಟಳು, ವಾಪಸು ಬರಲಿಲ್ಲ. ಹಾಲಿನ ಪ್ಯಾಕೆಟ್ಟು ಇನ್ನೂ ಬಾಗಿಲ ಚೀಲದಲ್ಲೇ ನೇತಾಡುತ್ತಿದ್ದುದನ್ನು ಸಂಜೆ ನಾನೇ ನೋಡಿದೆ.

ನನ್ನ ಪಿತ್ತ ನೆತ್ತಿಗೇರಿತು. ಅಂಥ ಚಿತ್ರದ ಅಂಥ ಜಾಗದಲ್ಲಿ ಎದ್ದು ಹೋಗುವುದೆಂದರೇನು! ಇವಳಿಗೆ ರುಚಿಯೇ ಇಲ್ಲ, ಫೈಟಿಂಗ್ ಇದ್ದರೆ ಮಾತ್ರ ಕೂರುವವಳು ಎಂದು ತೀರ್ಪು ಕೊಟ್ಟು ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ನೀರಿನ ಫಿಲ್ಟರ್ ಹತ್ತಿರ ಅವಳು ಬಾಟಲಿ ತುಂಬಿಸುತ್ತಿದ್ದಳು. ಹಿಂದೆ ನಿಂತು ಚುಚ್ಚಿದೆ. “ಏನಕ್ಕಾ, ಹಾಲು ಉಕ್ತಾ?”

ತಿರುಗಲಿಲ್ಲ. ಇನ್ನೂ ಜೋರಾಗಿ ಹೇಳಿದೆ. ತಿರುಗಲಿಲ್ಲ. ಎಷ್ಟು ಕೊಬ್ಬು ಎಂದುಕೊಂಡು ಭುಜ ಮುಟ್ಟಿದೆ. ಬೆಚ್ಚಿಬಿದ್ದು ತಿರುಗಿದಳು. ನನ್ನ ಕಣ್ಣನ್ನಲ್ಲ, ತುಟಿಯನ್ನು ನೋಡುತ್ತಾ “ಏನಂದಿ ತಂಗಿ?” ಅಂದಳು.

ನನಗೆ ಆಗ ತಿಳಿಯಿತು. ನಾಚಿಕೆಯಾಯಿತು. ಅಕ್ಕನ ಕಿವಿ ಮಂದವಾದದ್ದು ಯಾರಿಗೂ ಗೊತ್ತಾಗದೆ ಇದ್ದದ್ದು ಹೇಗೆ ಎಂದರೆ, ಪ್ರೆಸ್ ಶಾಪ್‌ನಲ್ಲಿ ಎಲ್ಲರೂ ಕಿವುಡರೇ. ಹತ್ತು ಪ್ರೆಸ್‌ಗಳು ಒಟ್ಟಿಗೆ ಧಡ್ ಧಡ್ ಅನ್ನುವಾಗ ಪಕ್ಕದವಳು ಕಿರುಚಿದರೂ ಕೇಳುವುದಿಲ್ಲ. ಕಿವಿಗೆ ಇಡುವ ಬತ್ತಿ ಬಂದದ್ದೇ ಇತ್ತೀಚೆಗೆ, ಅಕ್ಕ ಅಲ್ಲಿ ದುಡಿಯಲು ಶುರುಮಾಡಿ ಹದಿನೆಂಟು ವರ್ಷ. ಅಲ್ಲಿಯವರೆಲ್ಲ ಕೈಯಲ್ಲೇ ಮಾತಾಡುತ್ತಾರೆ. ಮೂಗು ಹಿಡಿದರೆ ಸೂಪರ್‌ವೈಸರ್ ಬಂದ, ಹೆಬ್ಬೆರಳು ಬಾಯಿಗಿಟ್ಟರೆ ಟೀ, ಅಂಗೈ ಎದುರಿಗೆ ನೆಟ್ಟಗೆ ತೋರಿಸಿದರೆ ಮಷೀನ್ ನಿಲ್ಲಿಸು. ಮಗಳ ಮದುವೆ ಮಾತುಕತೆ, ಅತ್ತೆಯ ಮೇಲಿನ ದೂರು, ಎಲ್ಲವನ್ನೂ ಕೈಯಲ್ಲೇ ಹೇಳಬಲ್ಲರು. ಗಾಜಿನ ಬಾಗಿಲ ಹಿಂದೆ ಕೂರುವ ನಾನು ಅದನ್ನು ಕಲಿತಿರಲಿಲ್ಲ.

ಹಾಲಿನ ಮಾತು ಅಲ್ಲಿಗೇ ಬಿಟ್ಟೆ. “ಊಟಕ್ಕೆ ಬಾ” ಎಂದೆ, ತುಟಿ ಅಗಲಿಸಿ.

ಮಾರನೆಯ ದಿನ ಊಟ ಮುಗಿಸಿ ಫೋನಿನಲ್ಲಿ ಒಂದು ಮೂಕಿ ಚಿತ್ರ ತೆರೆದೆ. ಬಹಳ ಹಳೆಯದು, ಯಾವುದೋ ಚಳಿದೇಶದ ಬಂದರಿನ ಕತೆ. ನನ್ನ ಗ್ರಹಚಾರ ನೋಡಿ, ನಡುನಡುವೆ ಬರುವ ಬರಹದ ಫಲಕಗಳೆಲ್ಲ ಅದೇ ದೇಶದ ಭಾಷೆಯಲ್ಲಿ, ಇಂಗ್ಲಿಷಿನ ಸುಳಿವೇ ಇಲ್ಲ. “ಥೂ, ಏನೂ ಅರ್ಥ ಆಗಲ್ಲ” ಎಂದು ಮುಚ್ಚಲು ಹೋದೆ. ಪಕ್ಕದಲ್ಲಿದ್ದ ಅಕ್ಕ ನನ್ನ ಮಣಿಕಟ್ಟು ಹಿಡಿದಳು.

“ಇರ್ಲಿ ಬಿಡು. ಆಕಿಗೆ ಅಂವ ಬಿಟ್ಟು ಹೊಂಟಾನಂತ ಈಗ ಗೊತ್ತಾತು.”

“ಯಾರಿಗೆ?”

“ಉಪ್ಪಿನ ಪುಟ್ಟಿ ಹೊತ್ತಾಳಲ್ಲ, ಆಕಿಗೆ. ನೋಡಲ್ಲಿ, ಪುಟ್ಟಿ ಕೆಳಗ ಇಳಸವಲ್ಲಳು. ಇಳಿಸಿದ್ರ ಅಂವನ ಕೂಡ ಮಾತಾಡಬೇಕಾಕ್ಕೈತಿ.”

ನಾನು ಪರದೆಯನ್ನು ಕಣ್ಣಿಗೆ ಹತ್ತಿರ ತಂದೆ. ಹೌದು! ಉಪ್ಪಿನ ಗದ್ದೆಯಲ್ಲಿ ದುಡಿಯುವ ಆ ಹೆಂಗಸು ತುಂಬಿದ ಪುಟ್ಟಿಯನ್ನು ತಲೆಯಿಂದ ಇಳಿಸದೆ ಗಂಡನ ಮುಂದೆ ನಿಂತೇ ಇದ್ದಾಳೆ. ನಾನೊಬ್ಬಳೇ ನೋಡಿದ್ದರೆ ಫಲಕ ಬರಲಿ ಎಂದು ಕಾಯುತ್ತಿದ್ದೆ, ಪುಟ್ಟಿ ಕಾಣುತ್ತಲೇ ಇರಲಿಲ್ಲ.

ಮುಂದೆ ಹಡಗು ಹೊರಡುತ್ತದೆ. ಅವನು ಹಡಗಿನ ಮೇಲೆ, ಅವಳು ದಡದಲ್ಲಿ. ಜನರ ಗದ್ದಲ, ಹೊಗೆ. ಅವನು ಕೈಯೆತ್ತಿ ಏನೋ ಹೇಳುತ್ತಾನೆ, ಆಮೇಲೆ ಒಂದು ಫಲಕ ಬರುತ್ತದೆ. ನಾನು ಬಿಡುತ್ತೇನೆಯೇ? ಆ ಅಕ್ಷರಗಳನ್ನು ಫೋನಿನ ಅನುವಾದಕ್ಕೆ ಹಾಕಿದೆ. ‘ಬೇಗ ಬರುತ್ತೇನೆ’ ಎಂದು ಬಂತು.

“ನೋಡಕ್ಕಾ, ಬೇಗ ಬರ್ತೀನಿ ಅಂತಿದಾನೆ!” ಎಂದು ಗೆದ್ದವಳಂತೆ ಬಾಯಿ ಅಗಲಿಸಿ ಹೇಳಿದೆ.

ಅಕ್ಕ ತಲೆಯಾಡಿಸಿದಳು. “ಬರೆದಾಂವ ಹಾಂಗ ಬರೆದಿರಬಹುದು. ಕೈ ನೋಡು. ಬರ್ತೀನಿ ಅನ್ನಾಂವ ಅಂಗೈ ಹಿಂಗ ಹಿಡಿತಾನೇನು? ಇದು ಮಷೀನ್ ಬಂದ್ ಮಾಡೂ ಕೈ. ಅಂವ ಬರಾಂಗಿಲ್ಲ ತಂಗಿ.”

“ಬರ್ತಾನೆ.”

“ಬರಾಂಗಿಲ್ಲ.”

ಸೈರನ್ ಕೂಗಿತು. ಆ ಮಧ್ಯಾಹ್ನ ನಾನು ಎಷ್ಟು ಬಿಲ್ಲೆ ಓಕೆ ಮಾಡಿದೆನೋ ದೇವರಿಗೇ ಗೊತ್ತು. ಒಬ್ಬಳೇ ಮುಂದಿನದನ್ನು ನೋಡುವುದಿಲ್ಲ ಎಂದು ಅಕ್ಕ ಆಣೆ ಹಾಕಿಸಿಕೊಂಡಿದ್ದಳು. ಮೂರು ದಿನ ಆ ಫೋನ್ ನನ್ನ ಬ್ಯಾಗಿನಲ್ಲಿ ಕೆಂಡ ಇಟ್ಟುಕೊಂಡ ಹಾಗಿತ್ತು.

ಭಾನುವಾರ ಆಂಟಿಯ ಹಾಲ್‌ನಲ್ಲಿ ಮೊದಲಿಂದ ಹಾಕಿದೆವು. ಹೋದ ಸಲದ ಇಬ್ಬರೂ ಬಂದಿದ್ದರು. ಈ ಸಲ ಟಿವಿಯ ಪಕ್ಕ ನಿಲ್ಲುವ ಕೆಲಸ ನನಗಿರಲಿಲ್ಲ. ನೆಲದ ಮೇಲೆ ಅಕ್ಕನ ಮಗ್ಗುಲಲ್ಲಿ ಕುಳಿತೆ. ಪ್ರೆಸ್ ಶಾಪ್‌ನ ಮೂವರೂ ಪರದೆಯ ಕಡೆಯಿಂದ ಕಣ್ಣು ಕೀಳದೆ ಕೈಯಲ್ಲೇ ಹರಟುತ್ತಿದ್ದರು, ಚಿತ್ರದಲ್ಲಿ ಉಪ್ಪಿನ ಗದ್ದೆಯ ಸಾಹುಕಾರ ಬಂದಾಗ ಮೂವರೂ ಒಟ್ಟಿಗೆ ಮೂಗು ಹಿಡಿದರು. ಆಂಟಿಗೆ ಅದು ಅರ್ಥವಾಗಿ ಬಿದ್ದು ಬಿದ್ದು ನಕ್ಕರು.

ಹಡಗು ಹೋಯಿತು. ಅವಳು ಮನೆಗೆ ಬಂದು ಊಟಕ್ಕೆ ಒಂದೇ ತಟ್ಟೆ ಇಟ್ಟಳು. ಇನ್ನೊಂದನ್ನು ಒರೆಸಿ ಅಟ್ಟದ ಮೇಲೆ, ಕೈಗೆ ಸಿಗದಷ್ಟು ಹಿಂದಕ್ಕೆ ತಳ್ಳಿದಳು. ನನ್ನ ಇನ್‌ಸ್ಪೆಕ್ಷನ್ ಬುದ್ಧಿ ತಕ್ಷಣ ರಿಜೆಕ್ಟ್ ಎಂದಿತು. ಗಂಡ ಬೇಗ ಬರುತ್ತೇನೆ ಎಂದಿರುವಾಗ ತಟ್ಟೆಯನ್ನು ಯಾಕೆ ಅಷ್ಟು ಹಿಂದೆ ತಳ್ಳುತ್ತಾಳೆ? ಇದು ಚಿತ್ರ ತೆಗೆದವರ ತಪ್ಪು. ಅಷ್ಟರಲ್ಲಿ ಅಕ್ಕ ನನ್ನ ತೊಡೆಗೆ ಚಟ್ಟನೆ ಹೊಡೆದಳು.

“ನೋಡು! ಆಕಿಗೂ ತಿಳದೈತಿ! ಆಕಿನೂ ಕೈ ನೋಡ್ಯಾಳ!”

ಊರವರೆಲ್ಲ ಅವಳಿಗೆ ಗಂಡನಿಗಾಗಿ ಕಾದಿರು, ಕಾದಿರು ಅನ್ನುತ್ತಾರೆ. ಅವಳು ಯಾರಿಗೂ ಎದುರಾಡುವುದಿಲ್ಲ, ಉಪ್ಪು ಹೊರುತ್ತಾಳೆ. ಕೊನೆಗೆ ಬೇರೊಂದು ಬಂದರಿನಲ್ಲಿ ಅವನು ಕಾಣಿಸುತ್ತಾನೆ, ಬೇರೊಂದು ಮನೆಯ ಬಾಗಿಲಲ್ಲಿ, ತೋಳಲ್ಲಿ ಮಗು. ನಾನು ಸೋತಿದ್ದೆ, ಮತ್ತು ಯಾವ ಗೆಲುವೂ ನನಗೆ ಅಷ್ಟು ಖುಷಿ ಕೊಟ್ಟಿರಲಿಲ್ಲ. ಎದ್ದು ಕುಣಿಯಬೇಕು ಅನ್ನಿಸಿತು. ಇಪ್ಪತ್ತು ನಿಮಿಷ ಮೊದಲೇ ಆ ಚಿತ್ರ ತನ್ನ ಗುಟ್ಟನ್ನು ಒಂದು ಅಂಗೈಯಲ್ಲಿ ಹೇಳಿಬಿಟ್ಟಿತ್ತು. ಆ ನಟ, ಆ ನಟಿ, ಅವರನ್ನು ನಿಲ್ಲಿಸಿ ಚಿತ್ರ ತೆಗೆದವನು, ಯಾರೂ ಈಗ ಬದುಕಿರಲಾರರು. ಅವರು ಇಟ್ಟು ಹೋದದ್ದನ್ನು ಪೀಣ್ಯದ ಒಬ್ಬ ಹೆಂಗಸು ಒಂದಕ್ಷರವೂ ಬಿಡದಂತೆ ಓದಿದ್ದಳು.

“ಮುಂದಿನ ವಾರಾನೂ ಇಂತದ್ದೇ ಆಕವ್ವಾ” ಅಂದರು ಆಂಟಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. “ಓದೋ ಕಾಟ ಇಲ್ಲ.”

ಎಲ್ಲರೂ ಎದ್ದರು. ಅಕ್ಕ ಮಾತ್ರ ಕುಳಿತೇ ಇದ್ದಳು. ಆಮೇಲೆ ಕಿವಿ ಮಂದವಾದವರ ಆ ಎತ್ತರದ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ, ನನ್ನನ್ನು ಕೇಳಿದಳು.

“ಅವತ್ತು ಬೀರುವಿನ ಪಿಚ್ಚರ್ ಹಾಕಿದ್ಯಲ್ಲ, ಆ ಮುದುಕ ಏನಂದಿದ್ದ? ನಂಗ ಒಂದೂ ಕೇಳಿಲ್ಲ. ಭಾಳ ದಿನಾ ಆತು, ಸರಿಯಾಗಿ ಕೇಳ್ಸವಲ್ದು ನಂಗ. ಹಾಲೂ ಇಟ್ಟಿರಲಿಲ್ಲ.”

ಯಾರೂ ನಗಲಿಲ್ಲ. ಆಂಟಿ ಕಾಫಿ ಲೋಟ ತೆಗೆಯಲು ಬಗ್ಗಿದವರು ಹಾಗೇ ಕೂತರು. ನಾನು ಅಕ್ಕನ ಎದುರು ಮಂಡಿಯೂರಿ ಕೂತು ಕೈಯೆತ್ತಿದೆ. ಬೀರು ಎಷ್ಟು ಎತ್ತರ ಎಂದು ತೋರಿಸಿದೆ, ಬಾಗಿಲು ಎಷ್ಟು ಕಿರಿದು ಎಂದು ತೋರಿಸಿದೆ. ಅಜ್ಜನ ಬಾಗಿದ ಬೆನ್ನು ಮಾಡಿದೆ. ಹೆಂಡತಿ ಅನ್ನಲು ಕೊರಳ ಹತ್ತಿರ ತಾಳಿ ಮುಟ್ಟಿದ ಹಾಗೆ ಮಾಡಿದೆ, ಹೋದಳು ಅನ್ನುವುದನ್ನು ಹೇಗೆ ಹೇಳಬೇಕೋ ತಿಳಿಯದೆ ಎರಡೂ ಕೈ ಗಾಳಿಯಲ್ಲಿ ನಿಂತುಬಿಟ್ಟವು.

ಅಕ್ಕ ನೋಡಿದಳು, ನೋಡಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಒಂದು ವರ್ಷದಿಂದ ನಾನು ಕೇಳದ ನಗು. ಈ ಸಲ ಎಲ್ಲರಿಗಿಂತ ಮೊದಲು ನಕ್ಕವಳು ಅವಳೇ.

“ಯವ್ವಾ, ನಿನ್ನ ಕೈ ತೊದಲ್ತಾವಲ್ಲ!” ಎಂದು ನನ್ನ ಎರಡೂ ಕೈ ಹಿಡಿದು, ಬೆರಳುಗಳನ್ನು ಸರಿಯಾಗಿ ಮಡಚಿ ಕೊಟ್ಟಳು. “ಹಿಂಗ ಹಿಡಿ. ಹಾಂ. ಈಗ ಮೊದಲಿಂದ ಹೇಳು.”