ಸೆಲ್ಸಿಯಸ್‌ನ ಹೆಂಡತಿ

ಬಸವನಗುಡಿಯ ಗಿರಿಜಾಂಬಾ ಅವರಿಗೆ ಯಾರ ಮೇಲಾದರೂ ಗೌರವ ಹುಟ್ಟುವುದು ಕಷ್ಟ, ಹುಟ್ಟಿದರೆ ಉಳಿಯುವುದು ಇನ್ನೂ ಕಷ್ಟ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಲೇ ವಿಜ್ಞಾನದ ಚರಿತ್ರೆಯ ಮೇಲೆ ಹನ್ನೊಂದು ಪುಸ್ತಕ ಬರೆದವರು. ಸೋಪು ಎಲ್ಲಿಂದ ಬಂತು, ಗಡಿಯಾರ ಹೇಗೆ ಹುಟ್ಟಿತು, ಸಿಡುಬಿಗೆ ಸೂಜಿ ಚುಚ್ಚುವುದನ್ನು ಜನ ಹೇಗೆ ಕಲಿತರು ಎಂಬುದನ್ನೆಲ್ಲ ಹೈಸ್ಕೂಲು ಓದಿದವರಿಗೂ ತಿಳಿಯುವ ಕನ್ನಡದಲ್ಲಿ ಬರೆದರು. ಗಾಂಧಿ ಬಜಾರಿನಲ್ಲಿ ಓದುಗರು ಎದುರಾಗಿ, "ಎಷ್ಟು ಸರಳವಾಗಿ ಬರೀತೀರ ಮೇಡಂ," ಎಂದರೆ, "ನಿಮಗೋಸ್ಕರ ತಾನೇ," ಎಂದು ಸೊಪ್ಪು ಆರಿಸುವುದನ್ನು ಮುಂದುವರಿಸುತ್ತಿದ್ದರು. ಅದನ್ನು ಹೊಗಳಿಕೆ ಎಂದುಕೊಂಡು ಓದುಗರು ಸಂತೋಷವಾಗಿ ಹೋಗುತ್ತಿದ್ದರು.

"ಇದೆಲ್ಲಾ ನಮ್ಮ ಪುರಾಣದಲ್ಲೇ ಇತ್ತಂತೆ," ಎಂದವರಿಗೆ ಅವರ ಉತ್ತರ ಸಿದ್ಧವಿತ್ತು. "ಇತ್ತೇನೋ ಸ್ವಾಮಿ. ಮತ್ತೆ ನಿಮ್ಮ ತಾತ ಯಾಕೆ ಸೀಮೆಎಣ್ಣೆ ಬುಡ್ಡಿ ಮುಂದೆ ಕೂತಿದ್ರು?" ಪುಸ್ತಕ ಬಿಚ್ಚದೆಯೇ ನಾಲ್ಕು ಪುಟ ಮುನ್ನುಡಿ ಬರೆಯಬಲ್ಲ ಪ್ರೊಫೆಸರುಗಳನ್ನು ಕಂಡರೂ ಅಷ್ಟಕ್ಕಷ್ಟೆ. ಎಲ್ಲರಿಗಿಂತ ಕಡೆಯಾಗಿ ಕಾಣುತ್ತಿದ್ದುದು ತಮ್ಮ ಪ್ರಕಾಶಕ, ಚಾಮರಾಜಪೇಟೆಯ ಗೌರೀಶನನ್ನು. ಪುಸ್ತಕಕ್ಕೂ ಉಪ್ಪಿನಕಾಯಿಗೂ ಅವನಿಗೆ ಇದ್ದ ವ್ಯತ್ಯಾಸ ಒಂದೇ, ಪುಸ್ತಕ ಕೆಡುವುದಿಲ್ಲ.

ಮೂವತ್ತೆರಡು ವರ್ಷದ ಹಿಂದೆ ಅವರು ಥರ್ಮಾಮೀಟರಿನ ಚರಿತ್ರೆ ಬರೆದು ಅವನ ಮುಂದೆ ಇಟ್ಟಾಗ, ಗೌರೀಶ ಹಾಳೆ ತಿರುವಿ ಮುಖ ಸಿಂಡರಿಸಿದ.

"ಮಾಹಿತಿ ಜಾಸ್ತಿ ಆಯ್ತು ಮೇಡಂ, ಕಥೆ ಕಮ್ಮಿ. ಈ ವಿಜ್ಞಾನಿಗಳಿಗೆ ಹೆಂಡ್ತಿ ಇರಲ್ವಾ? ಮನೇಲಿ ಒಂದ್ ಜಗಳ ಆಗಲ್ವಾ?"

ಅದು ಅವರ ಮೊದಲ ಪುಸ್ತಕ. ಅಚ್ಚಾಗಲಿ ಎಂಬ ಆಸೆ ಬಲವಾಗಿತ್ತು. ಸ್ವೀಡನ್ನಿನ ಸೆಲ್ಸಿಯಸ್ ಮೊದಲು ಕುದಿಯುವ ನೀರಿಗೆ ಸೊನ್ನೆ, ಹೆಪ್ಪುಗಟ್ಟುವ ನೀರಿಗೆ ನೂರು ಎಂದು ಗುರುತು ಹಾಕಿದ್ದ. ಆ ಅಳತೆ ಆಮೇಲೆ ತಲೆಕೆಳಗಾಯಿತು. ಅಷ್ಟು ನಿಜ. ತಲೆಕೆಳಗು ಮಾಡಿಸಿದ್ದು ಅವನ ಹೆಂಡತಿ ಎಂದು ಗಿರಿಜಾಂಬಾ ಬರೆದರು. "ಬಿಸಿ ಏರಿದರೆ ಅಂಕಿ ಇಳಿಯುವುದು ಯಾವ ಊರಿನ ಲೆಕ್ಕ?" ಎಂದು ಅವಳು ಒಲೆಯ ಮುಂದೆ ಗಂಡನನ್ನು ದಬಾಯಿಸುವ ಒಂದೂವರೆ ಪುಟ ಒಂದೇ ಮಧ್ಯಾಹ್ನದಲ್ಲಿ ಹರಿದು ಬಂತು. "ಇದಪ್ಪಾ ಪುಸ್ತಕ," ಎಂದ ಗೌರೀಶ.

ಎರಡು ವರ್ಷ ಕಳೆದು, ಗ್ರಂಥಾಲಯದಲ್ಲಿ ಬೇರೇನನ್ನೋ ಹುಡುಕುವಾಗ, ಸೆಲ್ಸಿಯಸ್‌ಗೆ ಮದುವೆಯೇ ಆಗಿರಲಿಲ್ಲ ಎಂಬುದು ಕಣ್ಣಿಗೆ ಬಿತ್ತು. ಅಳತೆ ತಿರುಗಿದ್ದೂ ಅವನು ಸತ್ತ ಮೇಲೆ. ಎರಡನೇ ಮುದ್ರಣದಲ್ಲಿ ಆ ಪುಟಗಳನ್ನು ತೆಗೆದುಹಾಕಿದರು. ಯಾರಿಗೂ ಏನೂ ಹೇಳಲಿಲ್ಲ.

ಹೆಂಡತಿ ಮಾತ್ರ ಸಾಯಲಿಲ್ಲ. ಭಾನುವಾರದ ಪುರವಣಿಗೆ ಬಂದಳು, ಗೈಡಿಗೆ ಬಂದಳು, ಮಹಿಳಾ ದಿನದ ಭಾಷಣಕ್ಕೆ ಬಂದಳು, ಕೊನೆಗೆ ವಾಟ್ಸಾಪಿಗೂ ಬಂದಳು. ಕಂಡಾಗಲೆಲ್ಲ ಗಿರಿಜಾಂಬಾ, "ಒಂದು ಪುಸ್ತಕ ತೆಗೆದು ನೋಡೋ ಯೋಗ್ಯತೆ ಇಲ್ಲ ಇವರಿಗೆ," ಎಂದು ಬೈದರು. ಅವರೆಲ್ಲ ತೆಗೆದು ನೋಡಿದ್ದು ಯಾರ ಪುಸ್ತಕವನ್ನು ಎಂಬ ಪ್ರಶ್ನೆಯ ಹತ್ತಿರ ಸುಳಿಯಲಿಲ್ಲ.

ಕಳೆದ ವರ್ಷ ಬಸವನಗುಡಿಯ ಒಂದು ಸಭಾಂಗಣದಲ್ಲಿ ಅವರಿಗೆ ಸನ್ಮಾನವಾಯಿತು. ಏರ್ಪಡಿಸಿದವನು ಮನೋಹರ್, ಸೈಟು ಮಾರಿ ಬೆಳೆದು ಈಗ ಸಂಸ್ಕೃತಿ ಉಳಿಸಲು ಹೊರಟವನು. ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಮಡಿಲಿಗಿಟ್ಟು ಮಾತಿಗೆ ನಿಂತ. ಹನ್ನೊಂದು ಪುಸ್ತಕದಲ್ಲಿ ಅವನಿಗೆ ಗೊತ್ತಿದ್ದುದು ಆ ಒಂದೂವರೆ ಪುಟ ಮಾತ್ರ.

"ಆ ತಾಯಿ ಒಂದ್ ಮಾತು ಕೇಳಿದ್ದಕ್ಕೆ ಇವತ್ತು ಪ್ರಪಂಚಾನೇ ಜ್ವರ ನೋಡ್ತಿದೆ," ಎಂದ. "ಆಕೆ ನಮ್ಮ ದೇಶದ ಹೆಣ್ಮಗಳೇ ಅಂತಾನೂ ಹೇಳ್ತಾರೆ."

ಭಾರಿ ಚಪ್ಪಾಳೆ ಬಿತ್ತು. ಗಿರಿಜಾಂಬಾ ಬುಟ್ಟಿಯನ್ನು ಪಕ್ಕದ ಕುರ್ಚಿಯ ಮೇಲಿಟ್ಟು ಎದ್ದರು.

"ಸೆಲ್ಸಿಯಸ್‌ಗೆ ಹೆಂಡತಿ ಇರ್ಲಿಲ್ಲ. ಆಕೇನ ಹುಟ್ಟಿಸಿದ್ದು ನಾನು, ಪುಸ್ತಕ ಅಚ್ಚಾಗ್ಲಿ ಅಂತ. ಅದು ಸುಳ್ಳು."

ಸಭೆ ನಕ್ಕಿತು. "ಎಂಥ ವಿನಯ ನೋಡಿ," ಎಂದು ಮನೋಹರ್ ಮೈಕು ತೆಗೆದುಕೊಂಡ. "ವಿನಯ ಅಲ್ಲ," ಎಂದರು ಗಿರಿಜಾಂಬಾ. ಅಷ್ಟರಲ್ಲಿ ಕೇಸರಿಬಾತಿನ ಪರಿಮಳ ಒಳಗೆ ಬಂದು ಜನ ಏಳತೊಡಗಿದ್ದರು. ಇಷ್ಟು ವರ್ಷ ಇಂಥವರಿಗಾಗಿ ಬರೆದೆನಲ್ಲ ಎಂದು ಅವರಿಗೆ ಅಸಹ್ಯವಾಯಿತು.

ತಿಂಡಿಯ ಸಾಲಿಗೆ ಹೋಗದೆ ಒಬ್ಬ ಹೆಂಗಸು ಮಾತ್ರ ವೇದಿಕೆಯ ಹತ್ತಿರ ಬಂದಳು. ಹೆಸರು ತೇಜಶ್ರೀ, ಶ್ರೀರಾಂಪುರದ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು.

"ಮೇಡಂ, ನೀವು ಹೇಳಿದ್ದು ತಮಾಷೆನಾ?"

"ಅಲ್ಲ."

"ಹದಿನಾಲ್ಕು ವರ್ಷದಿಂದ ಮಕ್ಕಳಿಗೆ ಈ ಕಥೆ ಹೇಳ್ತಿದೀನಿ, ನಿಮ್ಮ ಪುಸ್ತಕ ಓದಿ."

"ಎರಡನೇ ಮುದ್ರಣದಲ್ಲಿ ತೆಗೆದಿದೀನಮ್ಮ."

"ನಮ್ಮ ಲೈಬ್ರರೀಲಿ ಇರೋದು ಮೊದಲನೇದು. ತೆಗೆದಿದೀನಿ ಅಂತ ಎಲ್ಲಾದ್ರೂ ಬರೆದ್ರಾ?"

"ಇಲ್ಲ."

"ಯಾಕೆ?"

ಚುಚ್ಚುವ ಮಾತೊಂದು ನಾಲಿಗೆಯ ತುದಿಗೆ ಬಂದಿತ್ತು. ಆಡಲಾಗಲಿಲ್ಲ. "ನಾಚಿಕೆ ಆಯ್ತು," ಎಂದರು.

"ಹಾಗಾದ್ರೆ ನೀವೇ ಬಂದು ಮಕ್ಕಳಿಗೆ ಹೇಳಿ. ನಾನು ಹೇಳಿದ್ರೆ, ಮಿಸ್‌ಗೇ ಪಾಠ ಬರಲ್ಲ ಅಂತಾರೆ."

ಸೋಮವಾರ ಆಟೋ ಹಿಡಿದು ಹೋದರು. ಒಂಬತ್ತನೇ ತರಗತಿಯ ಮುಂದೆ ನಿಂತು, ಬರೆದದ್ದನ್ನೂ ಮುಚ್ಚಿಟ್ಟದ್ದನ್ನೂ ಹೇಳಿದರು. ಯಾರೂ ನಗಲಿಲ್ಲ, ಯಾರೂ ಮರುಗಲೂ ಇಲ್ಲ. "ಮತ್ತೆ ತಿರುಗಿಸಿದ್ದು ಯಾರು?" ಎಂದು ಒಬ್ಬಳು ಕೇಳಿದಳು. ಎರಡು ಮೂರು ಹೆಸರು ಹೇಳುತ್ತಾರೆ, ಇಂಥವರೇ ಎಂದು ಖಚಿತವಿಲ್ಲ ಎಂದರು. "ಪರೀಕ್ಷೇಲಿ ಏನ್ ಬರೀಬೇಕು?" ಎಂದು ಇನ್ನೊಬ್ಬಳು.

"ಖಚಿತವಿಲ್ಲ ಅಂತಾನೇ ಬರೀರಿ, ಮಾರ್ಕ್ಸ್ ಕೊಡ್ತೀನಿ," ಎಂದಳು ತೇಜಶ್ರೀ.

ಆ ತಿಂಗಳೇ ಹನ್ನೆರಡನೇ ಪುಸ್ತಕ ಶುರುವಾಯಿತು, ವಿಜ್ಞಾನದ ಚರಿತ್ರೆಯಲ್ಲಿ ಹಬ್ಬಿದ ಸುಳ್ಳುಗಳ ಮೇಲೆ. ಮೊದಲ ಅಧ್ಯಾಯ ತಮ್ಮದೇ. ಬರೆದು ಮುಗಿಸಿ ಕೊಟ್ಟಾಗ, "ತಮ್ಮ ಕೈಯಾರೆ ಹೆಸರು ಕೆಡಿಸ್ಕೊಳ್ಳೋ ಪುಸ್ತಕ ನಾನು ಹಾಕಲ್ಲ," ಎಂದ ಗೌರೀಶ. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಅವನು ಒಂದು ಪುಸ್ತಕ ಓದಿದ್ದಾನೆ ಎಂದುಕೊಂಡು ಅವರು ಹಸ್ತಪ್ರತಿಯನ್ನು ವಾಪಸು ತಂದರು.

ಬೇರೆ ಪ್ರಕಾಶಕನನ್ನು ಹುಡುಕುವ ಮೊದಲು ಅದನ್ನು ತೇಜಶ್ರೀಗೆ ಕಳಿಸಿದರು. ಅದು ಮರಳಿ ಬಂದಾಗ ಹದಿನೇಳು ಕಡೆ ಕೆಂಪು ಶಾಯಿಯಲ್ಲಿ "ಆಧಾರ ಎಲ್ಲಿ?" ಎಂದಿತ್ತು. ಇವಳಿಗೇನು ಗೊತ್ತು ಎಂದು ಗಿರಿಜಾಂಬಾ ಎರಡು ದಿನ ಗೊಣಗಿದರು. ಮೂರನೇ ದಿನ ಹುಡುಕಲು ಕುಳಿತರು. ಹದಿಮೂರಕ್ಕೆ ಆಧಾರ ಸಿಕ್ಕಿತು. ಉಳಿದ ನಾಲ್ಕನ್ನು ಹೊಡೆದುಹಾಕಿದರು, ಈ ಸಲ ಕಾರಣ ಬರೆದು.