ಹೆಸರು ಹೇಳಿ ಹೋಗ್ರಿ

ಗಿರಣಿ ಅಕ್ಕನ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲವೂ ಜೋಳದ ಹಿಟ್ಟಿನಿಂದ ಬೆಳ್ಳಗಿರುತ್ತಿದ್ದವು. ಆ ಬಿಳುಪಿನ ನಡುವೆ ಕೆಂಡದಂಥ ಎರಡು ಕಣ್ಣು. ಜಗಳೂರಿನಲ್ಲಿ ನನ್ನ ಜೆರಾಕ್ಸ್ ಅಂಗಡಿಗೆ ಅಂಟಿಕೊಂಡೇ ಅವಳ ಹಿಟ್ಟಿನ ಗಿರಣಿ. ಯಂತ್ರದ ಸದ್ದು ಮೀರಿಸಿ ಮಾತಾಡಿ ಮಾತಾಡಿ ಅವಳು ಪ್ರೀತಿಯಿಂದ ಕರೆದರೂ ಬೈದಂತೆಯೇ ಕೇಳುತ್ತಿತ್ತು. ಅವಳು ಸಾಕುತ್ತಿದ್ದ ನಾಯಿಗಳಿಗೆ ಅದೇ ಸರಿಹೋಗುತ್ತಿತ್ತು; ಹೆಚ್ಚಿನವಕ್ಕೆ ಕಿವಿ ಮಂದ.

ದಾವಣಗೆರೆ ಕಡೆಯ ಪ್ರಾಣಿಗಳ ಆಶ್ರಯ ಕೇಂದ್ರಕ್ಕೆ ಹೋದರೆ ಅಕ್ಕ ಮರಿಗಳ ಕಡೆ ಕಣ್ಣೂ ಹಾಯಿಸುತ್ತಿರಲಿಲ್ಲ. ಯಾರೂ ಕೇಳದ ಮುದಿ ನಾಯಿಯನ್ನೇ ಆರಿಸಿ ಲಗೇಜ್ ಆಟೊದಲ್ಲಿ ತರುತ್ತಿದ್ದಳು. ಅದು ಸತ್ತರೆ ಇನ್ನೊಂದು. "ಸಾಯೋವನ್ನೇ ಯಾಕೆ ತರ್ತೀಯಮ್ಮ?" ಎಂದು ಯಾರೋ ನಕ್ಕಾಗ, "ನೀನೇನು ಉಳ್ಕಂತೀಯಾ?" ಎಂದು ಬಾಯಿ ಮುಚ್ಚಿಸಿದ್ದಳು.

ತಂದ ನಾಯಿಗೆ ಅವಳು ಹೊಸ ಹೆಸರಿಡುತ್ತಿರಲಿಲ್ಲ. ಗಿರಣಿ ನಿಲ್ಲಿಸಿ, ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, "ರಾಜಾ... ಟೈಗರ್... ಕರಿಯಾ... ಮೋತಿ..." ಎಂದು ಒಂದೊಂದೇ ಹೆಸರು ಕೂಗುತ್ತಿದ್ದಳು. ಯಾವುದಕ್ಕೆ ಕಿವಿ ನಿಮಿರುತ್ತದೋ ಅದೇ ಅದರ ಹಳೆಯ ಹೆಸರು. ನಾನೊಮ್ಮೆ ತಮಾಷೆ ಮಾಡಿದ್ದಕ್ಕೆ ಉರಿದುಬಿದ್ದಳು. "ಎಲ್ಲಾ ಕಿತ್ಕಂಡು ಹೊರಗೆ ಹಾಕ್ಯಾರೆ. ಹೆಸರೂ ಕಿತ್ಕಳಾಕೆ ನಾನ್ಯಾರು?"

ಹೋದ ವರ್ಷ ತಂದ ಕಂದು ನಾಯಿ ಮಾತ್ರ ಯಾವ ಹೆಸರಿಗೂ ತಲೆ ಎತ್ತಲಿಲ್ಲ. ಯಾರೋ ಆಶ್ರಯದ ಗೇಟಿಗೆ ಕಟ್ಟಿ ಹೋಗಿದ್ದರಂತೆ. ಕುತ್ತಿಗೆಯಲ್ಲಿ ಸರಪಳಿಯ ಗಾಯ, ಬಾಯಲ್ಲಿ ಹಲ್ಲಿಲ್ಲ. ತಟ್ಟೆ ಮುಂದಿಟ್ಟರೂ ಕರೆಯಲಿ ಎಂದು ಕಾಯುವಂತೆ ಮಲಗೇ ಇರುತ್ತಿತ್ತು. ಹೆಸರು ಸಿಗುವ ತನಕ ಇರಲಿ ಎಂದು ಅಕ್ಕ ಅದನ್ನು "ಅಜ್ಜಾ" ಎನ್ನುತ್ತಾ ಕೈತುತ್ತು ಹಾಕುತ್ತಿದ್ದಳು.

ಒಂದು ಬೆಳಿಗ್ಗೆ ಗೊಬ್ಬರದಂಗಡಿಯ ಸಾಹುಕಾರ ಜೋಳದ ಚೀಲ ಹೊರಿಸಿಕೊಂಡು ಬಂದ. ಮೂಲೆಯಲ್ಲಿದ್ದ ಅಜ್ಜ ಎದ್ದಿತು. ಬಾಲವೊಂದೇ ಅಲ್ಲ, ಇಡೀ ಮೈ ಅಲ್ಲಾಡುತ್ತಿತ್ತು. ಹೋಗಿ ಅವನ ಚಪ್ಪಲಿಯ ಮೇಲೆ ತಲೆಯಿಟ್ಟಿತು. ಸಾಹುಕಾರ ಕಾಲು ಕೊಡವಿ, "ಯಾರ್ದಮ್ಮ ಈ ಕಜ್ಜಿ ನಾಯಿ?" ಎಂದ.

ಅಕ್ಕ ಗಿರಣಿ ನಿಲ್ಲಿಸಿದಳು. "ಕರ್ಕಂಡು ಹೋಗ್ರಿ ಅಂತ ನಾನೇನು ಕೇಳಾಕಿಲ್ಲ. ಇದರ ಹೆಸರು ಹೇಳಿ ಹೋಗ್ರಿ, ಸಾಕು."

"ನನ್ನ ಗೋಡೌನಿನಾಗೆ ಯಾವತ್ತೂ ನಾಯಿ ಇರ್ಲಿಲ್ಲ. ಹೆಸರು ನಂಗೆ ಹೆಂಗೆ ಗೊತ್ತಿರ್ತೈತೆ?"

ಗೋಡೌನಿನ ಮಾತನ್ನು ಅಲ್ಲಿ ಯಾರೂ ಎತ್ತಿರಲಿಲ್ಲ. ಅಕ್ಕ ಅವನ ಚೀಲವನ್ನು ದರದರ ಎಳೆದು ಬೀದಿಗೆ ಹಾಕಿದಳು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಹಲ್ಲು ಉದುರುವ ತನಕ ತನ್ನ ಗೊಬ್ಬರ ಕಾಯ್ದ ಜೀವಕ್ಕೆ ಅದರ ಹೆಸರು ಕೊಡಲೂ ಅವನಿಗೆ ಕೈ ಬರಲಿಲ್ಲ.

ಆ ಮಳೆಗಾಲ ಮುಗಿಯುವ ಮೊದಲೇ ಅಕ್ಕ ಎದೆನೋವಿನಿಂದ ತೀರಿಕೊಂಡಳು. ತಿಥಿಯ ದಿನ ಸಾಹುಕಾರ ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಬಂದು, ಫೋಟೋಗೆ ಹಾರ ಹಾಕಿ, "ಪುಣ್ಯಾತ್ಗಿತ್ತಿ, ಮೂಕಪ್ರಾಣಿಗಳ ತಾಯಿ" ಎಂದು ಭಾಷಣ ಶುರು ಮಾಡಿದ. ಅಜ್ಜ ಮತ್ತೆ ಅವನ ಕಾಲಿನ ಬಳಿಗೇ ಹೋಯಿತು. ಪಂಚೆಗೆ ಜೊಲ್ಲು ತಾಗಿದ್ದೇ ತಡ, "ಏ ದೊರೆ, ಸರಿಯೋ ಆಕಡೆ!" ಎಂದುಬಿಟ್ಟ.

ನಾಯಿಯ ಎರಡೂ ಕಿವಿ ನಿಮಿರಿದವು.

"ಇದನ್ನೇ ಅಲ್ವೇನ್ರಿ ಅಕ್ಕ ಕೇಳಿದ್ದು? ಅವಳು ಬದುಕಿದ್ದಾಗ ಹೇಳಾಕೆ ಏನು ರೋಗ ಬಂದಿತ್ತು ನಿಮಗೆ?" ತುಂಬಿದ ಮನೆಯಲ್ಲಿ ನಾನು ಕಿರುಚಿದೆ. ಸಾಹುಕಾರ ಚಪ್ಪಲಿ ಹುಡುಕತೊಡಗಿದ.

ಅಜ್ಜನನ್ನು ನಾನು ಮನೆಗೆ ಕರೆತಂದೆ. ಅಕ್ಕನಿಗೆ ಸಿಗದ ಹೆಸರು ನನಗೆ ಸಿಕ್ಕಿದೆಯಲ್ಲ ಎಂದು ಊಟಕ್ಕೆ ಒಮ್ಮೆ "ದೊರೇ" ಎಂದು ಕರೆದೆ. ಬಾಲ ಅಲ್ಲಾಡಿಸುತ್ತಾ ಎದ್ದ ನಾಯಿ ನನ್ನನ್ನೂ ತಟ್ಟೆಯನ್ನೂ ದಾಟಿ ಹೋಗಿ, ಗೇಟಿನ ಬಳಿ ನಿಂತು ರಸ್ತೆ ನೋಡತೊಡಗಿತು. ಸಂಜೆಯಾದರೂ ಒಳಗೆ ಬರಲಿಲ್ಲ.

ಆ ಹೆಸರನ್ನು ನಾನು ಮತ್ತೆ ಎತ್ತಿಲ್ಲ. ಈಗ ಅಕ್ಕನ ಹಾಗೆಯೇ ಗಂಟಲು ಹರಿಯುವಂತೆ ಕೂಗುತ್ತೇನೆ: "ಅಜ್ಜಾ, ಬಾರೋ ಉಣ್ಣಾಕೆ!" ಬರುತ್ತದೆ. ಬಂದು ಮೊದಲು ನನ್ನ ಅಂಗೈ ಮೂಸಿ ಹಿಟ್ಟಿನ ವಾಸನೆ ಹುಡುಕುತ್ತದೆ, ಆಮೇಲೆ ಉಣ್ಣುತ್ತದೆ.