ಸಿದ್ದಮ್ಮ ಓದದ ಕಾಗದ

ಸಾತನೂರಿನ ಆಚೆಯ ಹಳ್ಳಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಸಿದ್ದಮ್ಮ ಮಹಿಳಾ ಡೇರಿಯ ಬಾಗಿಲು ತೆರೆದು ಕ್ಯಾನು ತೊಳೆಯುತ್ತಿದ್ದಾರೆ. ಆರಕ್ಕೆಲ್ಲ ಹೆಂಗಸರು ಸಾಲುಗಟ್ಟುತ್ತಾರೆ. ನಲವತ್ತಾರು ಜನ, ಹೊತ್ತಿಗೆ ಇನ್ನೂರೆಂಬತ್ತು ಲೀಟರ್ ಹಾಲು. ನೀರು ಬೆರೆಸಿದವಳನ್ನು ಬೈಯುವವರೂ ಇವರೇ, ಅವಳ ಹಸು ಮಲಗಿದರೆ ಡಾಕ್ಟರನ್ನು ಕರೆತರುವವರೂ ಇವರೇ. ಅರವತ್ತೆಂಟಕ್ಕೆ ಮಂಡಿ ಸೋತಿದೆ, ಬಾಯಿ ಸೋತಿಲ್ಲ.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿ ಮದುವೆ ಮಾಡಿದ್ದರು. ತೊಂಬತ್ತರ ದಶಕದಲ್ಲಿ ಸಂಘ ಕಟ್ಟಿದಾಗ, ಎಷ್ಟು ದಿನದ ಆಟವೋ ನೋಡೋಣ ಎಂದು ಗಂಡಸರು ನಕ್ಕಿದ್ದರು. ಸಿದ್ದಮ್ಮ ಹಟಕ್ಕೆ ಬಿದ್ದರು. ಹೆಬ್ಬೆಟ್ಟು ಒತ್ತುವವಳ ಹಾಲು ಅಳೆಯುವುದಿಲ್ಲ ಎಂದು ಕಟ್ಟುಮಾಡಿ, ಒಬ್ಬೊಬ್ಬರ ಕೈ ಹಿಡಿದು ಸ್ಲೇಟಿನ ಮೇಲೆ ಹೆಸರು ತಿದ್ದಿಸಿದರು.

ಎಲ್ಲರಿಗಿಂತ ಹೆಚ್ಚು ತಿಣುಕಿದವರು ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ. ಪಾಪ, ಹೆಸರಿನ ತುಂಬ ಒತ್ತಕ್ಷರ. ಹೆಣ್ಣುಮಕ್ಕಳಿಗೂ ತವರಿನ ಆಸ್ತಿಯಲ್ಲಿ ಸಮಪಾಲು ಎಂಬ ಕಾನೂನು ಬಂದ ಮೇಲೆ ಆಕೆಯ ಅಣ್ಣನಿಗೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಖಾತೆ ಮಾಡಿಸಲು ಒಂದು ಸಹಿ ಬೇಕೆಂದು ಸೀರೆ, ಅರಿಶಿನ-ಕುಂಕುಮ ಕೊಟ್ಟು ಕನಕಪುರದ ನೋಂದಣಿ ಕಚೇರಿಗೆ ಕರೆದೊಯ್ದ. ಸಾಕ್ಷಿಗೆಂದು ಸಿದ್ದಮ್ಮನೂ ಹೋದರು.

"ಅವ್ಳು ಹೆಸ್ರು ಬರ್ದಿದ್ ಚೆಂದ ನೋಡ್ಕಂಡು ನಿಂತ್ಬುಟ್ಟೆ. ಮ್ಯಾಲೆ ಏನ್ ಬರ್ದೈತೆ ಅಂತ ಓದ್ಲಿಲ್ಲ. ನಂಗೆ ಓದಕ್ಕೆ ಬತ್ತಿತ್ತು ಕಣವ್ವ."

ಅದು ಹಕ್ಕು ಬಿಡುಗಡೆ ಪತ್ರ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟದ ಪಾಲು ಒಂದು ಸೀರೆಗೆ ಹೋಯಿತು. ಗಂಡ ತೀರಿಕೊಂಡ ಮೇಲೆ ಚಿಕ್ಕಲಕ್ಷ್ಮಮ್ಮ ಅದೇ ತೋಟದಲ್ಲಿ ಸೊಪ್ಪು ಕೊಯ್ಯುವ ಕೂಲಿ. ಸಿದ್ದಮ್ಮನನ್ನು ಒಂದು ದಿನವೂ ಆಕೆ ದೂರಿಲ್ಲ. ದೂರಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎನ್ನುತ್ತಾರೆ ಸಿದ್ದಮ್ಮ.

ಈಗ ಯಾರಿಗೆ ತವರಿಂದ ಅಕಾಲದಲ್ಲಿ ಸೀರೆ ಬಂದರೂ ಸುದ್ದಿ ಡೇರಿಗೆ ಮುಟ್ಟುತ್ತದೆ. ಸಿದ್ದಮ್ಮ ಕಾಗದ ತರಿಸಿ, ಅಕ್ಷರಕ್ಕೆ ಅಕ್ಷರ ಗಟ್ಟಿಯಾಗಿ ಓದುತ್ತಾರೆ. ಇಲ್ಲಿಯವರೆಗೆ ಇಪ್ಪತ್ತಮೂರು ಕಾಗದ ಓದಿದ್ದಾರೆ, ಒಂಬತ್ತು ಹೆಂಗಸರು ಸಹಿ ಹಾಕದೆ ಎದ್ದಿದ್ದಾರೆ. ಉಳಿದವರು ಹಾಕಿದರು. ಹೋದ ತಿಂಗಳು ಸಂಘದ ನಾಗಲಕ್ಷ್ಮಮ್ಮ ಪೂರ್ತಿ ಕೇಳಿಸಿಕೊಂಡು, "ಗೊತ್ತಾಯ್ತಕ್ಕ. ಹಾಕ್ದಿದ್ರೆ ತವರ ಬಾಗ್ಲು ಮುಚ್ಚೋಯ್ತದೆ" ಎಂದು ಪೆನ್ನು ಕೇಳಿದರು. ಬೈಗುಳದಲ್ಲಿ ಎತ್ತಿದ ಕೈ ಎನಿಸಿಕೊಂಡ ಸಿದ್ದಮ್ಮ ಆಕೆಯನ್ನು ಬೈಯಲಿಲ್ಲ.

ಯಾಕೆಂದು ಕೇಳಿದರೆ ಕ್ಯಾನಿನ ಮುಚ್ಚಳ ಒತ್ತಿ ಮುಚ್ಚುತ್ತಾರೆ.

"ಅವತ್ತು ನಾನು ಓದಿದ್ರೆ ಚಿಕ್ಕಲಕ್ಷ್ಮೀನೂ ಹಂಗೇ ಅಂತಿದ್ಲೋ ಏನೋ. ಅದ್ನ ಅವ್ಳ ಬಾಯಲ್ಲಿ ಒಸಿ ಕೇಳ್ಬೇಕಿತ್ತು. ನಾನು ಕೇಳ್ಲೇ ಇಲ್ಲ, ಸಾಕ್ಷಿ ಹಾಕ್ಬುಟ್ಟೆ."